ಐತಿಹಾಸಿಕ ಕಾದಂಬರಿಯ ಮರುಓದು: ಒಂದು ಸಾಂತ್ವನಮೀಮಾಂಸೆ

ಪ್ರಸ್ತುತ ಪ್ರಬಂಧವು ಸಂಕಟಕಾಲದಲ್ಲಿ ಕನ್ನಡಿಗನು ಕಾದಂಬರಿಕಾರ ತ.ರಾ.ಸು. ಅವರನ್ನು ಮತ್ತೆ ಕೈಗೆತ್ತಿಕೊಳ್ಳುವ ಪ್ರಕ್ರಿಯೆಯನ್ನು ಸಂಕಥನದ ನೆಲೆಯಲ್ಲಿ, ಆ ನೆಲೆಯ ಹಿನ್ನೆಲೆಯಲ್ಲಿ, ಆ ಹಿನ್ನೆಲೆಯ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸುವ ವಿನಮ್ರ ಪ್ರಯತ್ನ. ‘ಸಂಕಟಕಾಲ’ ಎಂದರೆ ಟಿ.ವಿ. ಪರದೆಯ ಕೆಳಗೆ ಕೆಂಪು ಪಟ್ಟಿ ಓಡುವ ಯಾವುದೇ ಕಾಲ.

ಮರುಓದುಗರು ಒಂಬತ್ತು ವಿಧ. ಮೊದಲನೆಯವರು ದುರ್ಗಾಶ್ರಯಿಗಳು: ತ.ರಾ.ಸು. ಅವರ ಚಿತ್ರದುರ್ಗದ ಕಥೆ ‘ಕಂಬನಿಯ ಕುಯಿಲು’ ಹಿಡಿದರೆ ‘ರಕ್ತರಾತ್ರಿ’, ‘ತಿರುಗುಬಾಣ’ ಮುಗಿಯುವ ತನಕ ಊಟಕ್ಕೆ ಏಳದವರು. ಎರಡನೆಯವರು ಹೊಯ್ಸಳನಿಷ್ಠರು. ಇವರಲ್ಲಿ ಎರಡು ಒಳಪಂಗಡ: ಗರಡಿ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಬರೆದ ‘ಶಾಂತಲಾ’ದ ಪಕ್ಷ, ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ಯ ಪಕ್ಷ. ಎರಡನೆಯದು ನಾಲ್ಕು ಸಂಪುಟವಾದ್ದರಿಂದ ದೀರ್ಘ ಸಂಕಟಗಳಿಗೆ ಮಾತ್ರ ಶಿಫಾರಸು. ಮೂರನೆಯವರು... ಹೋಗಲಿ ಬಿಡಿ, ಮಿಕ್ಕವರೆಲ್ಲ ಇವರ ನೆಂಟರೇ.

ಈ ಓದು ‘ಪಲಾಯನವಾದ’ ಎಂದು ವಿದ್ವಾಂಸರು ತೀರ್ಮಾನಿಸಿಯಾಗಿದೆ. ಪಲಾಯನ ಎಲ್ಲಿಗೆ? ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೆ. ಅಲ್ಲಿ ಹೈದರಾಲಿಯ ಮುತ್ತಿಗೆ ಇದೆ, ಒಳಸಂಚು ಇದೆ. 1779ರಲ್ಲಿ ಚಿತ್ರದುರ್ಗದ ಕೋಟೆಯೇ ಬೀಳುತ್ತದೆ. ತಲೆ ತಪ್ಪಿಸಿಕೊಳ್ಳುವವನು ಹೋಗುವ ಜಾಗವೇ ಇದು? ಸಾಂತ್ವನದ ಮೂಲ (‘ಪೂರ್ವವಿದಿತಾಂತ್ಯಾನಂದ’ ಎಂದು ಕರೆಯಲು ಸಭೆಯ ಅನುಮತಿ ಕೋರುತ್ತೇನೆ) ಬೇರೆ ಕಡೆ ಇದೆ. ಪುಸ್ತಕದ ಹೆಸರೇ ಕೊನೆಯನ್ನು ಹೇಳಿಬಿಟ್ಟಿದೆ. ಬೆಳಗಾದರೆ ಏನು ಕಾದಿದೆಯೋ ಎಂಬ ದಿಗಿಲಿಲ್ಲ. ಅಳು ಬರುವ ಪುಟ ಗೊತ್ತು, ಕರವಸ್ತ್ರ ಮೊದಲೇ ಸಿದ್ಧ.

ವಿಚಾರ ಸಂಕಿರಣವೊಂದರಲ್ಲಿ ಒಬ್ಬರು ಇವೆಲ್ಲ ‘ಹೊತ್ತು ಕಳೆಯುವ ಸರಕು’ ಎಂದು ಮುಕ್ಕಾಲು ಗಂಟೆ ನಮ್ಮ ಹೊತ್ತು ಕಳೆದರು. ಸರಕೇ, ಸ್ವಾಮಿ! ಕಾದಂಬರಿಕಾರ ಗಳಗನಾಥರು ಆ ಸರಕನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಕನ್ನಡಕ್ಕೆ ಓದುಗರು ಹುಟ್ಟಿದ್ದು ಹಾಗೆ. ನಿಮ್ಮ ಸಂಕಿರಣದ ಸಂಪುಟ ಬಡ್ತಿಯ ಅಂಕಕ್ಕಾಗಿ ಅಚ್ಚಾಗಿ, ಕಟ್ಟು ಕೂಡ ಬಿಚ್ಚದೆ ವಿಭಾಗದ ಬೀರುವಿನ ಮೇಲೆ ಕೂತಿದೆ. ಅದನ್ನು ಹೊರಲು ಯಾವ ತಲೆ ಮುಂದೆ ಬಂದೀತು?

ಇದೇ ಸರಕನ್ನು ಹಂಚುತ್ತಿದ್ದ ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲಿನ ‘ಶಾಂತಲಾ’ದ ಅಂಚಿನಲ್ಲಿ ಹೆಂಗಸರು ಪೆನ್ಸಿಲು ಹಿಡಿದು ಶಾಂತಲೆಯ ಗಂಡ ವಿಷ್ಣುವರ್ಧನನಿಗೆ ಸರಿಯಾಗಿ ಮಂಗಳಾರತಿ ಮಾಡಿರುತ್ತಿದ್ದರು. ಒಬ್ಬಳು ಬೈದದ್ದಕ್ಕೆ ಇನ್ನೊಬ್ಬಳು ಕೆಳಗೆ ಉತ್ತರ ಬರೆದಿರುತ್ತಿದ್ದಳು. ನನ್ನ ಮಟ್ಟಿಗೆ ವಿಮರ್ಶೆ ಎಂದರೆ ಅದು. ಯಾವ ಅಧ್ಯಯನ ಪೀಠಕ್ಕೂ ಅದನ್ನು ಕೂಡಿಡಬೇಕು ಅನ್ನಿಸಲಿಲ್ಲ. ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಯಿತು.