ಊರ್ಣನಾಭಾನುಪಲಬ್ಧಿ: ಮುಚ್ಚಿದ ಬಿಲದ ಮುಂದೆ ಒಂದು ತರ್ಕ

ಟ್ಯಾರಂಟುಲಾ ಸಾಕುವವರಿಗೆ ತಾಳ್ಮೆ ಬೇಕು ಎಂಬ ಮಾತು ಎಷ್ಟು ಪ್ರಚಲಿತವೋ ಅಷ್ಟೇ ತಪ್ಪು. ತಾಳ್ಮೆ ಋಷಿಮುನಿಗಳ ಸೊತ್ತು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಹುಳುಗಳ ಡಬ್ಬಿ ಹಿಡಿದು ಗಾಜಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ ಗೃಹಸ್ಥನಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ. ಅವನಿಗೆ ಬೇಕಾದದ್ದು ತರ್ಕಶಾಸ್ತ್ರ. ಜೇಡ ಮಣ್ಣಿಗೆ ತನ್ನ ನೂಲು ಬೆರೆಸಿ ಬಿಲದ ಬಾಯಿ ಮೆತ್ತಿಕೊಂಡ ಮೂರನೆಯ ವಾರ, 'ಸತ್ತೇ ಹೋಯಿತೇನೋ' ಎಂದು ಅಗೆಯಲು ಚಮಚ ಹುಡುಕುವವನು ಸ್ವಭಾವತಃ ದುಡುಕನಲ್ಲ. ಅನುಪಲಬ್ಧಿ ಪ್ರಮಾಣವನ್ನು ಅವನು ಅರ್ಧಕ್ಕೇ ಓದಿ ಮುಚ್ಚಿಟ್ಟಿದ್ದಾನೆ, ಅಷ್ಟೆ. ಅಸಹನೆ ಎಂಬುದು ಗುಣದೋಷವಲ್ಲ, ಪ್ರಮಾಣದೋಷ ಎಂಬುದೇ ಈ ಪ್ರಬಂಧದ ಪ್ರತಿಜ್ಞೆ.

ಒಂದು ವಸ್ತು ಇಲ್ಲ ಎಂಬುದನ್ನು ತಿಳಿಯಲು ಕುಮಾರಿಲ ಭಟ್ಟರ ಪಂಥದ ಮೀಮಾಂಸಕರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವಾಗಿ ಒಪ್ಪಿದರು. ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಆದರೆ ಅದಕ್ಕೊಂದು ಷರತ್ತಿದೆ: ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂತಿರಬೇಕು. ಕತ್ತಲ ಕೋಣೆಯಲ್ಲಿ ಮಡಕೆ ಕಾಣಲಿಲ್ಲವೆಂದು ಕುಂಬಾರನ ಮೇಲೆ ಕಳವಿನ ದೂರು ಕೊಡಲಾಗದು. ನಮ್ಮ ಜೇಡವೋ, ಚಿಲಿ ಮೂಲದ್ದು, ಅರ್ಧ ಅಡಿ ತೆಂಗಿನ ನಾರಿನ ಪುಡಿಯ ಕೆಳಗಿದೆ. (ದಕ್ಷಿಣ ಭಾರತದಿಂದ ಹೊರದೇಶಗಳಿಗೆ ಹೋಗುವ ಆ ಪುಡಿ ತಿಪಟೂರಿನ ತೆಂಗಿನದೇ ಆಗಿದ್ದರೂ ಆಗಿರಬಹುದು, ಚಿಲಿಯ ಜೇಡಕ್ಕೂ ನಮಗೂ ಇರುವ ಒಕ್ಕಲುತನದ ನಂಟು ಇಷ್ಟೇ.) ಬದುಕಿದ್ದರೂ ಕಾಣದು, ಸತ್ತಿದ್ದರೂ ಕಾಣದು. ಎರಡೂ ಕಕ್ಷಿಯ ಪರವಾಗಿ ಒಂದೇ ಮಾತು ಹೇಳುವ ಸಾಕ್ಷಿಯನ್ನು ಯಾವ ವಕೀಲನೂ ಕಟಕಟೆ ಹತ್ತಿಸುವುದಿಲ್ಲ. ಹಾಗೆ ನೋಡಿದರೆ ಮೆತ್ತಿದ ಬಾಗಿಲೇ ಮೇಲಾದ ಸಾಕ್ಷಿ. ಸತ್ತವರು ಗಾರೆ ಕೆಲಸ ಮಾಡಿದ್ದನ್ನು ಯಾರೂ ಕಂಡಿಲ್ಲ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ: 'ಬಾಗಿಲು ಹಾಕಿದ ದಿನ ಬದುಕಿತ್ತು, ಸರಿ. ಆಮೇಲೆ ಉಪವಾಸ ಬಿದ್ದು ಸತ್ತಿರಬಹುದಲ್ಲ?' ಇದಕ್ಕೆ ಉತ್ತರಿಸುವಾಗ ಶಾಸ್ತ್ರವೇ ಸ್ವಲ್ಪ ಮುಜುಗರಕ್ಕೆ ಬೀಳುತ್ತದೆ. ದೇವದತ್ತ ದಪ್ಪಗಿದ್ದಾನೆ, ಹಗಲು ಉಣ್ಣುವುದಿಲ್ಲ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಅರ್ಥಾಪತ್ತಿ ಎಂಬ ಪ್ರಮಾಣಕ್ಕೆ ತಲೆತಲಾಂತರದಿಂದ ಕೊಡುತ್ತ ಬಂದ ಉದಾಹರಣೆ. ಚಿಲಿಯ ರೋಸ್ ಟ್ಯಾರಂಟುಲಾ ಈ ಉದಾಹರಣೆಯ ಬುಡಕ್ಕೇ ಕೊಡಲಿ ಹಾಕಿದೆ. ಅದು ದಪ್ಪಗಿದೆ, ಹಗಲು ಉಣ್ಣುವುದಿಲ್ಲ, ರಾತ್ರಿಯೂ ಉಣ್ಣುವುದಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿ, ಏನನ್ನೂ ಮುಟ್ಟದೆ ಇರುತ್ತದೆ. ಆದರೂ ಹೊಟ್ಟೆ ಗುಂಡಗೆ ಹಾಗೇ ಇರುತ್ತದೆ. ಕೂತಲ್ಲೇ ಕೂರುವ ಪ್ರಾಣಿಗೆ ಖರ್ಚು ಕಡಿಮೆ. ಅದಕ್ಕೆ ಬೇಕಾದದ್ದು ಅನ್ನಕ್ಕಿಂತ ನೀರು, ಅದೂ ಪೆಟ್ಟಿಗೆಯ ಮೂಲೆಯಲ್ಲೊಂದು ಬಟ್ಟಲು ತುಂಬಿದ್ದರಾಯಿತು. ನಾಲ್ಕು ಗಂಟೆಗೆ ಕಾಫಿ ಸಿಗದಿದ್ದರೆ ತಲೆಸಿಡಿತ ಬರುವ ಪ್ರಾಣಿಯೊಂದು ತನ್ನ ಹೊಟ್ಟೆಯ ಗಡಿಯಾರವನ್ನು ಇನ್ನೊಂದಕ್ಕೆ ಕಟ್ಟಲು ಹೊರಟಾಗ ಉಪಮಾನ ಪ್ರಮಾಣವೂ ಕೆಡುತ್ತದೆ.

'ಒಂದೇ ಒಂದು ಬೆರಳಿನಷ್ಟು ತೂತು ಮಾಡಿ ಇಣುಕಿದರೆ ಏನಾದೀತು?' ಎಂಬುದು ಎರಡನೆಯ ಆಕ್ಷೇಪ. ಏನಾದೀತು ಎಂದು ತಿಳಿಯಲು ಒಳಗೆ ಸಾಮಾನ್ಯವಾಗಿ ಏನು ನಡೆದಿರುತ್ತದೆ ಎಂಬುದನ್ನು ನೋಡಬೇಕು. ಜೇಡ ಪೊರೆ ಬಿಡುತ್ತಿರುತ್ತದೆ. ಅಂಗಾತ ಮಲಗುತ್ತದೆ. ಎದೆಯ ಮೇಲಿನ ಚಿಪ್ಪು ಡಬ್ಬಿಯ ಮುಚ್ಚಳದಂತೆ ಏಳುತ್ತದೆ. ಆಮೇಲೆ ಎಂಟೂ ಕಾಲುಗಳನ್ನು, ಬಿಗಿಯಾದ ಕೈಗವಸಿನಿಂದ ಬೆರಳು ಎಳೆದಂತೆ, ಹಳೆಯ ಕಾಲುಗಳೊಳಗಿಂದ ತುಸುತುಸುವೇ ಎಳೆದುಕೊಳ್ಳುತ್ತದೆ. ಹೊರಚರ್ಮವಷ್ಟೇ ಅಲ್ಲ, ಶ್ವಾಸಕೋಶದ ಒಳಪದರ, ಆಹಾರ ಹೀರುವ ಜಠರದ ಒಳಪದರ ಕೂಡ ಕಳಚಿ ಬರುತ್ತವೆ. ಹೊಸ ಕೋರೆಹಲ್ಲು ಮೊದಲು ಬೆಳ್ಳಗೆ, ಆಮೇಲೆ ಕೆಂಪಗೆ, ಕೊನೆಗೆ ಕಪ್ಪಗೆ. ಕಪ್ಪಾಗುವ ತನಕ ಅದರಿಂದ ಏನನ್ನೂ ಚುಚ್ಚಲಾಗದು. ಮೈಯೆಲ್ಲ ಬೆಂದ ಬದನೆಕಾಯಿಯಷ್ಟು ಮೆತ್ತಗಿರುವ ಈ ಹೊತ್ತಿಗೆ ಚಾವಣಿಯ ಮಣ್ಣು ಕುಸಿದರೆ, ಜಿಜ್ಞಾಸುವಿಗೆ ಅವನ ಪ್ರಶ್ನೆಯ ಉತ್ತರ ಸಿಗುತ್ತದೆ, ಆದರೆ ಅದು ಅವನೇ ತಯಾರಿಸಿದ ಉತ್ತರ. 'ಎದ್ದಾಗ ತಿನ್ನಲಿ' ಎಂದು ಅಂತಃಕರಣದಿಂದ ಬಿಟ್ಟ ಚಿಮ್ಮಂಡೆಯ ವಿಷಯವೂ ಇದೇ. ಮೆತ್ತಗಿನ ಜೇಡವನ್ನು ಅದು ಕಚ್ಚಿ ಗಾಯ ಮಾಡಬಲ್ಲದು. ಊಟದೆಲೆಯೇ ಉಣ್ಣುವವನನ್ನು ಉಂಡ ದೃಷ್ಟಾಂತ ಬೇರೆ ಕಡೆ ಅಪರೂಪ.

'ಹಾಗಾದರೆ ನಿಜವಾಗಿ ಸತ್ತಾಗ ತಿಳಿಯುವುದು ಹೇಗೆ?' ಇದು ಗಂಭೀರವಾದ ಪ್ರಶ್ನೆ. ಭಾವರೂಪವಾದ ಕುರುಹಿನಿಂದ ತಿಳಿಯುತ್ತದೆ. ಟ್ಯಾರಂಟುಲಾ ಸತ್ತರೆ ನಾರುತ್ತದೆ. ಕಣ್ಣು ಸೋತಲ್ಲಿ ಮೂಗು ಪ್ರತ್ಯಕ್ಷ ಪ್ರಮಾಣವಾಗುತ್ತದೆ. ಇದಕ್ಕಿಂತ ಘನವಾದ ನಿದರ್ಶನ ಪಶ್ಚಿಮ ಆಸ್ಟ್ರೇಲಿಯಾದ್ದು. ಟ್ಯಾರಂಟುಲಾದ ದೂರದ ದಾಯಾದಿಯಾದ, ಬಿಲಕ್ಕೆ ಮುಚ್ಚಳ ಕಟ್ಟುವ ಜೇಡಗಳನ್ನು ಬಾರ್ಬರಾ ಯಾರ್ಕ್ ಮೇನ್ ಎಂಬ ವಿದುಷಿ 1974ರಿಂದ ಬಿಲ ಬಿಲಕ್ಕೂ ಗುರುತಿಟ್ಟು ಗಮನಿಸಿದರು. 16ನೆಯ ನಂಬರಿನ ಹೆಣ್ಣುಜೇಡ ಅದೇ ಒಂದು ಬಿಲದಲ್ಲಿ 43 ವರ್ಷ ಬದುಕಿತು. 2016ರಲ್ಲಿ ಅದು ಸತ್ತಿತೆಂದು ನಿರ್ಣಯಿಸಿದ್ದು ಜೇಡ ಕಾಣಲಿಲ್ಲ ಎಂಬಷ್ಟರಿಂದಲೇ ಅಲ್ಲ, ಮುಚ್ಚಳದಲ್ಲಿ ಪರಾವಲಂಬಿ ಕಣಜ ಕೊರೆದ ತೂತು ಕಂಡದ್ದರಿಂದ. ನಾಲ್ಕು ದಶಕ ಕಾದ ವಿಜ್ಞಾನಿಗಳು ತೂತು ನೋಡಿ ತೀರ್ಪು ಕೊಟ್ಟರು. ಮೂರು ವಾರ ಕಾದವನು ತೂತಿಲ್ಲದ್ದನ್ನು ನೋಡಿ ತಾನೇ ತೂತು ಕೊರೆಯಲು ಹೊರಡುತ್ತಾನೆ.

ಕೊನೆಯದಾಗಿ ಭ್ರಾಂತಿಪ್ರಕರಣ. ಒಂದು ರಾತ್ರಿ ಬಾಗಿಲು ಒಡೆದಿರುತ್ತದೆ. ಬಿಲದ ಬಾಯಲ್ಲಿ ಎಂಟು ಕಾಲು, ಕೋರೆಹಲ್ಲು, ಕೂದಲು ಸಮೇತ ಮುದುಡಿದ ಒಂದು ಜೇಡ ಬಿದ್ದಿರುತ್ತದೆ, ಅಲುಗಾಡದೆ. ಹಗ್ಗದಲ್ಲಿ ಹಾವು ಕಂಡವರು ನಮ್ಮಲ್ಲಿ ಬಹಳ. ಪೊರೆಯಲ್ಲಿ ಹೆಣ ಕಂಡು, ಹೆಂಡತಿಯನ್ನು ಎಬ್ಬಿಸಿ, ಹೂಳಲು ಕುಂಡ ನಿಶ್ಚಯಿಸುವವನು ಅದೇ ಪರಂಪರೆಯವನು. ಅತ್ತ ಪೆಟ್ಟಿಗೆಯ ಮೂಲೆಯಲ್ಲಿ, ಮೊದಲಿಗಿಂತ ತುಸು ದೊಡ್ಡದಾಗಿ, ಹೊಸ ಬಣ್ಣದಲ್ಲಿ, ನೀರಿನ ಬಟ್ಟಲಿಗೆ ಬಾಯಿ ಹಚ್ಚಿ ನಿಂತಿರುವುದರ ಕಡೆಗೆ ಅವನ ಟಾರ್ಚು ಇನ್ನೂ ತಿರುಗಿಲ್ಲ.