ಬೀದರ ಸೀಮೆಯಲ್ಲಿ ‘ಎಸ್’ ಲೋಪ: ಒಂದು ವ್ಯಾಕರಣ ಸಮರ್ಥನೆ

ಸಿಂಪಲ್ ಪ್ರೆಸೆಂಟ್ ಟೆನ್ಸಿನಲ್ಲಿ ಹೀ, ಶೀ, ಇಟ್ ಬಂದರೆ ಕ್ರಿಯಾಪದದ ಬಾಲಕ್ಕೆ ಎಸ್ ಹಚ್ಚಬೇಕೆಂಬ ಸೂತ್ರವನ್ನು ಬೀದರ ಪೇಟೆಯಿಂದ ಔರಾದಿನ ಗಡಿಯವರೆಗೆ ಮಕ್ಕಳು ಕಂಠಪಾಠ ಮಾಡುತ್ತಾರೆ. ಬರೆಯಲು ಕೂತಾಗ ಅಷ್ಟೇ ನಿಷ್ಠೆಯಿಂದ ಬಿಟ್ಟುಬಿಡುತ್ತಾರೆ. ಪೂರ್ವಸೂರಿಗಳು ಇದನ್ನು ‘ಮಿಸ್ಟೇಕ್’ ಎಂದು ಕರೆದು ಕೆಂಪು ಶಾಯಿ ಖರ್ಚು ಮಾಡಿದ್ದಾರೆ. ಪ್ರಸ್ತುತ ಪ್ರಬಂಧದ ವಾದ ಬೇರೆ: ಇದು ಲೋಪವಲ್ಲ, ಮರ್ಯಾದೆ. ‘ಅವರ್ ಸರ್ ಕಮ್ ಅಟ್ ಟೆನ್’ ಎಂಬ ವಾಕ್ಯವನ್ನೇ ಪರೀಕ್ಷಿಸೋಣ. ಈ ಸೀಮೆಯ ಕನ್ನಡದಲ್ಲಿ ಸರ್ ‘ಬರ್ತಾರ’, ಮರಾಠಿಯಲ್ಲಿ ‘ಯೇತಾತ್’, ಉರ್ದುವಿನಲ್ಲಿ ‘ಆತೇ ಹೈಂ’, ತೆಲುಗಿನಲ್ಲಿ ‘ವಸ್ತಾರು’. ನಾಲ್ಕು ಭಾಷೆಗಳು ಸೇರಿ ಬಹುವಚನಕ್ಕೆ ಏರಿಸಿ ಕೂರಿಸಿದ ಮನುಷ್ಯನನ್ನು ಐದನೆಯದು ಒಂದು ಎಸ್ ಹಚ್ಚಿ ಕೆಳಗಿಳಿಸುವುದು ಯಾವ ನ್ಯಾಯ? ಬಹುವಚನಕ್ಕೆ ಎಸ್ ಬೇಡವೆಂದು ಇಂಗ್ಲಿಷ್ ವ್ಯಾಕರಣವೇ ಒಪ್ಪಿದೆಯಲ್ಲ. 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ತನ್ನ ಫಾರ್ಸಿ ಪತ್ರಗಳ ಸಂಗ್ರಹವನ್ನೂ ಬಿಟ್ಟುಹೋದ ಊರಿದು. ಸಂಬೋಧನೆಯ ಸೂಕ್ಷ್ಮ ಇಲ್ಲಿನವರಿಗೆ ಹೊಸದಲ್ಲ. (1481ರಲ್ಲಿ ಆತನ ತಲೆ ಹೋದದ್ದೂ ಪತ್ರದಿಂದಲೇ. ಆದರೆ ಅದು ಖೊಟ್ಟಿ ಪತ್ರ, ವ್ಯಾಕರಣ ಸರಿಯಿದ್ದಿರಬೇಕು.) ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಮೇಲೆ ಇಂಗ್ಲಿಷ್ ಶಬ್ದ, ಒಳಗೆ ಮನೆಯ ವ್ಯಾಕರಣ ಎಂಬ ಪದ್ಧತಿಗೆ ಇದಕ್ಕಿಂತ ದೊಡ್ಡ ಪೂರ್ವಾಧಾರ ಬೇಕಿಲ್ಲ.

ಅವ್ವನನ್ನು ಕನ್ನಡದಲ್ಲಿ ‘ಮಾಡ್ತಾಳ’ ಎನ್ನುವ ಹುಡುಗ ‘ಮೈ ಮದರ್ ಕುಕ್’ ಎಂದೇಕೆ ಬರೆಯುತ್ತಾನೆ ಎಂದು ಆಕ್ಷೇಪಿಸುವವರಿದ್ದಾರೆ. ಮನೆಯಲ್ಲಿ ಬಾಕಿ ಉಳಿಸಿಕೊಂಡ ಮರ್ಯಾದೆಯನ್ನು ಪರೀಕ್ಷೆಯಲ್ಲಿ ತೀರಿಸುತ್ತಾನೆ, ಅಷ್ಟೇ. ‘ದಿ ಆಕ್ಸ್ ಪುಲ್’ ಎಂಬಲ್ಲಿ ತೊಡಕೇ ಇಲ್ಲ. ಔರಾದಿನ ದೇವಣಿ ಎತ್ತನ್ನು ಕಂಡವರು ಎಸ್ ಹಚ್ಚಲು ಕೈ ಎತ್ತಲಾರರು. ‘ದಿ ಡಾಗ್ ಬಾರ್ಕ್’ ಮಾತ್ರ ವಿದ್ವಾಂಸರನ್ನು ಕಾಡಿದೆ. ಅವರು ಭಾಲ್ಕಿ ತಾಲೂಕಿನ ಖಾನಾಪುರಕ್ಕೆ ಹೋಗಿಬರಲಿ: ಅಲ್ಲಿ ಮೈಲಾರ ಮಲ್ಲಣ್ಣ ಇದ್ದಾನೆ, ನಾಯಿ ಅವನ ಸಂಗಾತಿ.

ಇನ್ನು ಇಂಗ್ಲಿಷಿನವರ ಒಪ್ಪಿಗೆಯ ಪ್ರಶ್ನೆ. ಅವರಲ್ಲೂ ಹಿಂದೆ ಎದುರಿಗಿದ್ದ ಒಬ್ಬನಿಗೆ ‘ದೌ’ ಎಂಬ ಏಕವಚನವಿತ್ತು, ಅದರ ಕ್ರಿಯಾಪದಕ್ಕೆ ‘ಎಸ್ಟ್’ ಎಂಬ ಬಾಲವಿತ್ತು. ಗೌರವಕ್ಕೆಂದು ಎಲ್ಲರನ್ನೂ ‘ಯೂ’ ಎಂಬ ಬಹುವಚನಕ್ಕೆ ಏರಿಸುತ್ತ ಬಂದ ಮೇಲೆ ಬಾಲ ತಾನೇ ಬಿದ್ದುಹೋಯಿತು. ಮಧ್ಯಮಪುರುಷಕ್ಕೆ ಅವರು ಮಾಡಿ ನಿಲ್ಲಿಸಿದ ಸುಧಾರಣೆಯನ್ನು ಪ್ರಥಮಪುರುಷಕ್ಕೆ ಮುಂದುವರಿಸುತ್ತಿರುವವರು ನಮ್ಮ ಮಕ್ಕಳು. ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಆಡುಮಾತಿನಲ್ಲಂತೂ ಇವತ್ತಿಗೂ ‘ಶೀ ಗೋ’ ಎನ್ನುವವರಿದ್ದಾರೆ. 16ನೇ ಶತಮಾನದಲ್ಲಿ ಡಚ್, ಫ್ರೆಂಚ್ ಆಡುವ ನಿರಾಶ್ರಿತರು ನಾರ್ವಿಚ್ ನಗರಕ್ಕೆ ಬಂದು ನೆಲೆಸಿದ್ದೇ ಇದಕ್ಕೆ ಕಾರಣವಿರಬಹುದೆಂದು ಭಾಷಾವಿಜ್ಞಾನಿ ಪೀಟರ್ ಟ್ರಡ್‌ಗಿಲ್ ವಾದಿಸಿದ್ದಾರೆ. ಹಲವು ಭಾಷೆ ಕೂಡಿದಲ್ಲಿ ಎಸ್ ನಿಲ್ಲುವುದಿಲ್ಲವೆಂದರೆ, ಬೀದರಿನ ಗಾಂಧಿಗಂಜಿನಲ್ಲಿ ಅದು ನಿಂತರೇ ಆಶ್ಚರ್ಯ.

ಸರ್‌ಗೆ ಬೇಡವಾದ ಎಸ್ ‘ಐ ಗೋಸ್’ ಎಂದು ತನಗೇ ಏಕೆ ಅಂಟುತ್ತದೆ? ಹಿರಿಯರಿಗೆ ಬಹುವಚನ ಕೊಟ್ಟವನು ಏಕವಚನವನ್ನು ತಾನೇ ಇಟ್ಟುಕೊಳ್ಳುವುದು ವಿನಯ. ಉಳಿದದ್ದು ‘ದೇ ಗೋಸ್’. ಇಲ್ಲಿ ಮಾತ್ರ ‘ದೇ’ ಎಂದರೆ ಯಾರು ಎಂದು ಬರೆದವನನ್ನು ವಿಚಾರಿಸದೆ ಅಂಕ ಕಳೆಯಬಾರದು; ಗುಂಪಾಗಿ ಬಂದ ಮಾತ್ರಕ್ಕೆ ಬಹುವಚನ ಕೊಡಬೇಕಾದವರೇ ಇರಲಿಕ್ಕಿಲ್ಲ.