ದಿವಾನರ ಶುಗರು

ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವನು ಜಹಾಂಗೀರಿನ ತಟ್ಟೆ ಹಿಡಿದು ಬಂದರೆ ಶುಗರ್ ಇರುವವರ ಕೈ ಎಲೆಗೆ ಅಡ್ಡ ಬರುವ ಮೊದಲೇ ಪಕ್ಕದವರ ಬಾಯಿ ಅಡ್ಡ ಬರುತ್ತದೆ. "ಅವರಿಗೆ ಹಾಕ್ಬೇಡಪ್ಪಾ, ಶುಗರಿದೆ!" ನಮ್ಮಲ್ಲಿ ಮೂಲವ್ಯಾಧಿಯನ್ನು ಮುಚ್ಚಿಡುತ್ತಾರೆ, ಕಿವಿ ಕೇಳಿಸದಿರುವುದನ್ನು ಒಪ್ಪಿಕೊಳ್ಳುವುದೇ ಇಲ್ಲ. ಶುಗರಿಗೆ ಮಾತ್ರ ಗುಟ್ಟಿಲ್ಲ. ಖಾಲಿ ಹೊಟ್ಟೆಯಲ್ಲಿ ಎಷ್ಟು, ಊಟದ ಮೇಲೆ ಎಷ್ಟು ಎಂಬುದನ್ನು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳುತ್ತಾರೆ. ಕೇಳಿದವರೆಲ್ಲ ವೈದ್ಯರೇ, ಹಾಗಲಕಾಯಿ ರಸ, ನೆನೆಸಿದ ಮೆಂತ್ಯ, ನೇರಳೆ ಬೀಜದ ಪುಡಿ ಎಂದು ಔಷಧಿ ಹೇಳದೆ ಇಳಿಯುವುದಿಲ್ಲ. ಅವರೆಲ್ಲ ನ್ಯಾಯಾಧೀಶರೂ ಹೌದು. ಅಂಕಿ ಏರಿತೋ, ಮೊದಲ ಪ್ರಶ್ನೆ, "ಏನು ತಿಂದ್ರಿ?"

ಈ ಪ್ರಶ್ನೆಗೆ ಉತ್ತರ ಕೊಡದ ರೋಗಿಯೊಬ್ಬರು ನಮ್ಮ ಮನೆಯಲ್ಲಿದ್ದಾರೆ. ಹಜಾರದ ದಿವಾನ್ ಮಂಚ ಬಿಟ್ಟು ಇಳಿಯದ ಕಾರಣ ದಿವಾನರು ಎಂದು ಹೆಸರಾದವರು. ಹಳದಿ ಬಣ್ಣದ ಗಂಡು ಬೆಕ್ಕು. ಹತ್ತು ವರ್ಷ ವಯಸ್ಸು, ಶಸ್ತ್ರಚಿಕಿತ್ಸೆ ಆಗಿ ಸಂಸಾರದ ಆಸೆ ಬಿಟ್ಟವರು, ಒಂದು ಕಾಲಕ್ಕೆ 7 ಕಿಲೋ ತೂಗುತ್ತಿದ್ದವರು. ವಯಸ್ಸು, ಬೊಜ್ಜು, ಗಂಡು ಜನ್ಮ, ಮನೆಯೊಳಗಿನ ಸುಖಜೀವನ ಎಂದು ಬೆಕ್ಕಿಗೆ ಸಕ್ಕರೆ ಕಾಯಿಲೆ ಬರುವ ಕಾರಣಗಳನ್ನು ಪ್ರಾಣಿಗಳ ಆಸ್ಪತ್ರೆಯ ಡಾಕ್ಟ್ರಮ್ಮ ಒಂದೊಂದಾಗಿ ಹೇಳುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು ಹೊಟ್ಟೆ ಒಳಗೆಳೆದುಕೊಂಡರು.

ಕಾಯಿಲೆಯನ್ನು ಮೊದಲು ಹಿಡಿದವರು ನಮ್ಮ ಮಾವನವರು. ನಿವೃತ್ತ ಹೆಡ್‌ಮಾಸ್ಟರು, ಸ್ವತಃ ಹಳೆಯ ಶುಗರ್ ರೋಗಿ. ದಿವಾನರು ತಮ್ಮ ನೀರಿನ ಬಟ್ಟಲು ಖಾಲಿ ಮಾಡಿ ಬಚ್ಚಲಿನ ಬಕೆಟ್ಟಿಗೆ ಬಾಯಿ ಹಾಕತೊಡಗಿದ್ದರು. ಗಬಗಬ ತಿಂದರೂ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಹಿಂಗಾಲಿನ ಬೆರಳ ಮೇಲೆ ನಡೆಯಬೇಕಾದ ಪ್ರಾಣಿ ಹಿಮ್ಮಡಿ ಊರಿ ಓಲಾಡುತ್ತ ನಡೆಯುತ್ತಿತ್ತು. ಸಕ್ಕರೆ ನರಗಳನ್ನು ಸೋಲಿಸಿದಾಗ ಹೀಗಾಗುತ್ತದಂತೆ. ಮಾವನವರ ಕಣ್ಣು ಮಾತ್ರ ಹಿತ್ತಲ ಬಾಗಿಲ ಬಳಿಯ ಮರಳಿನ ಟ್ರೇ ಮೇಲಿತ್ತು. ಅಲ್ಲಿ ಇರುವೆಗಳ ಸಾಲು. "ಇರುವೆ ಮುತ್ತೋ ಮೂತ್ರದ ವಿಷಯ ನಮ್ಮ ಆಯುರ್ವೇದದವರು ಯಾವತ್ತೋ ಬರೆದಿಟ್ಟಿದ್ದಾರೆ ಕಣಮ್ಮಾ. ನಮ್ಮವನಿಗೂ ಮಧುಮೇಹ," ಎಂದು ಟಾರ್ಚ್ ಆರಿಸಿದರು. ಅವರ ದನಿಯಲ್ಲಿ ಮರುಕದ ಜೊತೆ, ಮನೆಯಲ್ಲಿ ಕೊನೆಗೂ ಒಬ್ಬ ಜೊತೆಗಾರ ಸಿಕ್ಕ ಸಮಾಧಾನವೂ ಇತ್ತು.

ಇದರಲ್ಲೊಂದು ಅನ್ಯಾಯವಿದೆ. ಬೆಕ್ಕಿಗೆ ಸಿಹಿ ಎಂಬ ರುಚಿಯೇ ಗೊತ್ತಾಗುವುದಿಲ್ಲ. ಸಿಹಿಯನ್ನು ಹಿಡಿಯುವ ಗ್ರಾಹಕಕ್ಕೆ ಬೇಕಾದ ಎರಡು ಜೀನುಗಳಲ್ಲಿ ಒಂದು ಇಡೀ ಬೆಕ್ಕಿನ ಕುಲದಲ್ಲೇ ಕೆಟ್ಟು ಕೂತಿದೆ ಎಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. ಹುಲಿಯ ಕತೆಯೂ ಅಷ್ಟೆ. ಮೈಸೂರಿನಲ್ಲೇ ಹುಟ್ಟಿ ಬೆಳೆದೂ ಮೈಸೂರು ಪಾಕಿನ ಮುಂದೆ ಮೂಗು ತಿರುಗಿಸಿ ಹೋಗುವ ಜೀವಕ್ಕೆ ಈ ಕಾಯಿಲೆ! ಮಾವನವರಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ತಿಂದು ಅನುಭವಿಸೋದು ಬೇರೆ. ಇದು ಪೂರ್ವಜನ್ಮದ್ದೇ ಇರಬೇಕು," ಎಂದರು.

ಪೂರ್ವಜನ್ಮಕ್ಕಿಂತ ಹತ್ತಿರದ ಕಾರಣ ಮೊಸರನ್ನ. ಬೆಕ್ಕು ಹುಟ್ಟಾ ಮಾಂಸಾಹಾರಿ. ಪಿಷ್ಟವನ್ನು ಅರಗಿಸಿ ಬಂದ ಸಕ್ಕರೆಯನ್ನು ಬೇಗ ಬೇಗ ಒಳಗೆ ಹಾಕಿಕೊಳ್ಳುವ ಸಿದ್ಧತೆ ಅದರ ಪಿತ್ತಜನಕಾಂಗಕ್ಕಿಲ್ಲ. ನಮ್ಮ ಮನೆಯಲ್ಲಿ ಅದು ಬೆಳೆದದ್ದು ಹಾಲು, ಮೊಸರನ್ನ, ಮೇಲೊಂದಿಷ್ಟು ಒಣ ಬಿಸ್ಕತ್ತಿನಂಥ ಬೆಕ್ಕಿನ ತಿಂಡಿಯ ಮೇಲೆ. "ಅನ್ನ ಪೂರ್ತಿ ಬಿಡಿಸಿ. ಡಬ್ಬಿಯಲ್ಲಿ ಬರೋ ಮಾಂಸದ ಆಹಾರ ಕೊಡಿ," ಎಂದರು ಡಾಕ್ಟ್ರಮ್ಮ. ಈರುಳ್ಳಿಯನ್ನೂ ಹಬ್ಬದ ದಿನ ಹೊರಗಿಡುವ ಮನೆ ನಮ್ಮದು. ಡಬ್ಬಿಗೆ ಜಾಗ ಹುಡುಕಲು ದೊಡ್ಡ ಸಮಾಲೋಚನೆಯೇ ನಡೆದು, ಕೊನೆಗೆ ಹಿತ್ತಲ ಜಗಲಿಯ ಮೇಲೆ, ಹಳೆಯ ಪಾದರಕ್ಷೆಗಳ ಸ್ಟ್ಯಾಂಡಿನ ಮೇಲಿನ ಅರೆ ಅದಕ್ಕೆ ಮಂಜೂರಾಯಿತು. ಅದಕ್ಕೊಂದು ಬೇರೆ ಚಮಚ, ಚಮಚಕ್ಕೆ ಕೆಂಪು ದಾರ. ಡಬ್ಬಿ ತೆರೆಯುವಾಗ ಮಾವನವರು ಮೂಗಿಗೆ ಅಂಗವಸ್ತ್ರ ಹಿಡಿದೇ, "ಪೂರ್ತಿ ತಿಂದನಾ ನೋಡು," ಎಂದು ಒಳಗಿನಿಂದ ಕೇಳುತ್ತಾರೆ.

ಇನ್ಸುಲಿನ್ ತರಲು ಹೋದಾಗ ಮೆಡಿಕಲ್ ಶಾಪಿನ ಹುಡುಗ ಚೀಟಿ ಓದಿದ. "ದಿವಾನ್, ವಯಸ್ಸು 10. ಅಯ್ಯೋ ಮೇಡಂ, ಇಷ್ಟು ಚಿಕ್ಕ ಮಗೂಗೆ..." ಎಂದು ಅವನ ಮುಖ ಬಾಡಿತು. ಬೆಕ್ಕು ಎಂದೆ. ಬಾಡಿದ ಮುಖ ಅರಳಿತೇ ಎಂದರೆ ಅದೂ ಇಲ್ಲ; ಇಷ್ಟು ಹೊತ್ತು ಮರುಗಿದ್ದು ವ್ಯರ್ಥವಾಯಿತಲ್ಲ ಎಂಬಂತೆ ನೋಡಿದ. ಸಿರಿಂಜು ಕೊಡುವಾಗ ಅವನೊಂದು ಒಳ್ಳೆಯ ಮಾತು ಹೇಳಿದ. ಮಾವನವರ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ಟಿನದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. ದಿವಾನರ ಗ್ಲಾರ್ಜಿನ್ ಎಂಬ ಇನ್ಸುಲಿನ್ 100 ಯೂನಿಟ್ಟಿನದು, ಅದಕ್ಕೆ ಕಿತ್ತಳೆ ಮುಚ್ಚಳ. ದಿವಾನರದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಒಂದು ಯೂನಿಟ್ ಎಂದುಕೊಂಡದ್ದು ಎರಡೂವರೆಯಾಗಿ ಒಳಗೆ ಹೋಗುತ್ತದೆ. ದಿನಕ್ಕೆರಡು ಬಾರಿ ಒಂದೊಂದು ಯೂನಿಟ್ಟಿನ ಮೇಲೆ ನಡೆಯುವ ಜೀವಕ್ಕೆ ಅಪಾಯ ತರಲು ಅದು ಸಾಕು. ಅಂದೇ ಎರಡು ಡಬ್ಬಿ ಮಾಡಿ ಒಂದರ ಮೇಲೆ 'ಅಪ್ಪ', ಇನ್ನೊಂದರ ಮೇಲೆ 'ದಿವಾನ' ಎಂದು ಯಜಮಾನರು ದಪ್ಪಕ್ಷರದಲ್ಲಿ ಬರೆದರು.

ಮಾವನವರಿಗೆ ಈ ಔಷಧಿಯ ವಂಶಾವಳಿ ಬಹಳ ಇಷ್ಟ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ಮಾಡಿ ಇನ್ಸುಲಿನ್ ಪಡೆದದ್ದು, ಆಮೇಲೆ ದಶಕಗಟ್ಟಲೆ ಅದು ದನದ, ಹಂದಿಯ ಮೇದೋಜೀರಕದಿಂದ ಬಂದದ್ದು, ಈಗ ಬ್ಯಾಕ್ಟೀರಿಯಾ, ಯೀಸ್ಟುಗಳಿಂದ ಮಾಡಿಸುವುದು, ನಮ್ಮ ಬೆಂಗಳೂರಿನ ಬಯೋಕಾನ್ ಕೂಡ ಯೀಸ್ಟಿನಿಂದಲೇ ತೆಗೆಯುವುದು, ಇಷ್ಟನ್ನು ಬಂದವರಿಗೆಲ್ಲ ಪಾಠ ಮಾಡುತ್ತಾರೆ. 51 ಅಮೈನೋ ಆಮ್ಲಗಳ ಸರಪಣಿಯಲ್ಲಿ ಹಸುವಿನ ಇನ್ಸುಲಿನ್ನಿಗೂ ಬೆಕ್ಕಿನದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು, ಬೆಕ್ಕಿಗೂ ಮನುಷ್ಯನಿಗೂ ನಾಲ್ಕು ಎಂದು ಗೊತ್ತಾದ ಮೇಲಂತೂ ದಿವಾನರಿಗೆ ಗೋವಿನ ದಾಯಾದಿ ಎಂಬ ಪದವಿ ಬಂದಿದೆ. ಡಬ್ಬಿಯ ಊಟದ ಪಾಪ ಅಷ್ಟರಮಟ್ಟಿಗೆ ಕಡಿಮೆ.

ಸೂಜಿ ಚುಚ್ಚುವುದು ಹೊರಗಿನವರು ತಿಳಿದಷ್ಟು ಕಷ್ಟವಲ್ಲ. ಊಟದ ಕಡೆ ಗಮನ ಇರುವಾಗ ಪಕ್ಕೆಯ ಚರ್ಮ ಎತ್ತಿ ಕೊಟ್ಟರೆ ದಿವಾನರಿಗೆ ಗೊತ್ತೂ ಆಗುವುದಿಲ್ಲ. ಕಷ್ಟ ರಕ್ತದ್ದು. ಕಿವಿಯ ಅಂಚಿಗೆ ಬೆಚ್ಚನೆಯ ಬಟ್ಟೆ ಹಿಡಿದು, ಬೆಳಕಿಗೆ ಎದುರಾಗಿ ಅಲ್ಲಿನ ತೆಳು ರಕ್ತನಾಳ ಹುಡುಕಿ, ಹಿಂದೆ ಹತ್ತಿ ಇಟ್ಟು ಚುಚ್ಚಬೇಕು. ಹನಿ ಮೂಡಿ, ಪಟ್ಟಿ ಅದನ್ನು ಹೀರುವ ಕ್ಷಣಕ್ಕೆ ಸರಿಯಾಗಿ ದಿವಾನರು ತಲೆ ಕೊಡವುತ್ತಾರೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಏಕಾದಶಿಗೆ ಬಿದ್ದ ಕೆಂಪು ಚುಕ್ಕೆ ಪಂಚಾಂಗದವರು ಹಾಕಿದ್ದಲ್ಲ. ಆಸ್ಪತ್ರೆಯಲ್ಲೇ ನೋಡಿಸಬಹುದಲ್ಲ ಎಂದರೆ, ಅಲ್ಲಿ ಬೊಗಳುವ ನಾಯಿಗಳ ನಡುವೆ ಹೆದರಿದ ಬೆಕ್ಕಿನ ಸಕ್ಕರೆ ಭಯಕ್ಕೇ 300 ದಾಟುವುದುಂಟು. ಆರೋಗ್ಯವಂತ ಬೆಕ್ಕಿಗೂ ಹಾಗಾಗುತ್ತದೆ. ಮನುಷ್ಯರ ಮೀಟರು ಬೆಕ್ಕಿನ ರಕ್ತಕ್ಕೆ ಸ್ವಲ್ಪ ಕಡಿಮೆಯೇ ತೋರಿಸುತ್ತದೆಂದು ಗೊತ್ತಿಟ್ಟುಕೊಂಡು, ಮನೆಯಲ್ಲೇ ನೋಡಿ ಬರೆದಿಡುವುದು ಮೇಲು.

ಹಾಗೆ ಬರೆದಿಟ್ಟ ಪುಸ್ತಕದಲ್ಲಿ ಅಂಕಿಗಳು 200ರ ಒಳಗೆ ಒಗ್ಗಿಕೊಂಡಿದ್ದವು. ನಡಿಗೆ ಸುಧಾರಿಸಿತ್ತು. ಅಷ್ಟರಲ್ಲಿ ಸಕ್ಕರೆ ಏರತೊಡಗಿತು ನೋಡಿ. 260. ಆಮೇಲೆ 330. ಆಮೇಲೆ 390.

ಮನೆಯಲ್ಲಿ ವಿಚಾರಣೆ ಶುರುವಾಯಿತು. ಕೆಲಸದ ಜಯಮ್ಮನನ್ನು ಹಾಲಿನ ಬಗ್ಗೆ ಕೇಳಿ ಅವಳಿಂದ ಚೆನ್ನಾಗಿ ಅನ್ನಿಸಿಕೊಂಡಾಯಿತು. ಮಹಡಿ ಮನೆಯವರ ಮಗುವಿನ ಮೇಲೆ ಬಿಸ್ಕತ್ತಿನ ಸಂಶಯ ಬಂತು. ಕೊನೆಗೆ ಎಲ್ಲರ ಕಣ್ಣೂ ಮಾವನವರ ತಟ್ಟೆಯ ಮೊಸರನ್ನದ ಮೇಲೆ. "ನನಗೇ ಸಾಲಲ್ಲ," ಎಂದರು ಅವರು, ಕೋರ್ಟಿನಲ್ಲೂ ನಿಲ್ಲುವಂಥ ಉತ್ತರ. ಯಾರೂ ಏನೂ ಕೊಟ್ಟಿಲ್ಲವಾದರೆ ಡೋಸ್ ಹೆಚ್ಚಿಸಬೇಕು ಎಂಬುದು ಯಜಮಾನರ ತೀರ್ಪು. ಶಿವಮೊಗ್ಗದ ನಾದಿನಿ ಫೋನಿನಲ್ಲಿ ಹಾಗಲಕಾಯಿ ರಸ ಎಂದಳು. ಬೆಕ್ಕಿಗೆ ಹಾಗಲಕಾಯಿ ರಸ ಕುಡಿಸುವವರನ್ನು ನಾನು ನೋಡಬೇಕು.

ಡಾಕ್ಟ್ರಮ್ಮ ಡೋಸ್ ಮುಟ್ಟಗೊಡಲಿಲ್ಲ. "ಸೂರು ಸೋರ್ತಿದ್ರೆ ಕೆಳಗೆ ದೊಡ್ಡ ಬಕೆಟ್ ಇಡ್ತಾ ಹೋದ್ರೆ ಆಗುತ್ತಾ ಮೇಡಂ? ಮೊದಲು ಎಲ್ಲಿ ಸೋರ್ತಿದೆ ನೋಡೋಣ," ಎಂದರು. ಇನ್ಸುಲಿನ್ ಬಾಟಲಿ ತೆರೆದು ಎಷ್ಟು ದಿನವಾಯಿತು, ಫ್ರಿಜ್ಜಿನಲ್ಲಿ ಹೆಪ್ಪುಗಟ್ಟಿತ್ತೇ, ಸೂಜಿ ಚರ್ಮದೊಳಗೇ ಹೋಗುತ್ತಿದೆಯೋ ರೋಮಕ್ಕೆ ಚಿಮುಕಿಸುತ್ತಿದ್ದೇವೋ, ಯಾರಾದರೂ ಕಜ್ಜಿಗೆಂದು ಸ್ಟೀರಾಯ್ಡ್ ಕೊಟ್ಟರೇ ಎಂದು ಕೇಳಿದರು. ಎಲ್ಲ ಸರಿಯಿತ್ತು. ಹಾಗಾದರೆ ಒಳಗೆಲ್ಲೋ ಸೋಂಕಿರಬೇಕು ಎಂದರು. ದೇಹ ಸೋಂಕಿನ ಜೊತೆ ಹೋರಾಡುವಾಗ ಕಾರ್ಟಿಸಾಲ್, ಅಡ್ರಿನಲಿನ್ ಮುಂತಾದವನ್ನು ಹೆಚ್ಚು ಹರಿಸುತ್ತದೆ. ಅವೆಲ್ಲ ಇನ್ಸುಲಿನ್ ಕೆಲಸಕ್ಕೆ ಅಡ್ಡಗಾಲು ಹಾಕುವಂಥವು. ಅದೇ ಡೋಸ್, ಅದೇ ಊಟ. ಆದರೂ ಸಕ್ಕರೆ ಏರುತ್ತದೆ. ಸಕ್ಕರೆ ಏರಿದಷ್ಟೂ ಸೋಂಕಿಗೆ ಅನುಕೂಲ. ಒಂದನ್ನೊಂದು ಬೆನ್ನು ತಟ್ಟಿಕೊಂಡು ಬೆಳೆಯುತ್ತವೆ.

ಬಾಯಿ ಬಿಡಿಸಿ ಹಲ್ಲು ನೋಡಿದರು. ರೋಮದಡಿ ಕೀವು ಕಟ್ಟಿದೆಯೇ ಎಂದು ಮೈಯೆಲ್ಲ ತಡವಿದರು. ಉಳಿದದ್ದು ಮೂತ್ರ. ಸಕ್ಕರೆ ಬೆರೆತ ನೀರು ಮೂತ್ರ ಬ್ಯಾಕ್ಟೀರಿಯಾಗಳಿಗೆ ಸುಖದ ವಾಸ. ಎಷ್ಟೋ ಬೆಕ್ಕುಗಳು ಸೋಂಕಿದ್ದರೂ ಉರಿ, ನೋವು ಏನನ್ನೂ ತೋರಿಸಿಕೊಳ್ಳುವುದಿಲ್ಲ. ಕಲ್ಚರಿಗೆ ಬೇಕಾದ ಮೂತ್ರವನ್ನು ಅವರೇ ಹೊಟ್ಟೆಯ ಮೇಲಿಂದ ಸೂಜಿ ಹಾಕಿ ನೇರ ಚೀಲದಿಂದ ತೆಗೆದರು. ಮನೆಯಲ್ಲಿ ಮೂತ್ರಕ್ಕೆ ಪಟ್ಟಿ ಅದ್ದಿ ಕೀಟೋನ್ ನೋಡಿಕೊಳ್ಳುವ ಹೊಣೆ ನಮ್ಮದು: ಪಟ್ಟಿಯ ಬಣ್ಣ ತಿರುಗಿದರೆ, ಊಟ ಬಿಟ್ಟರೆ, ವಾಂತಿಯಾದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಓಡಬೇಕು, ಅದು ಪ್ರಾಣಕ್ಕೆ ಬರುವ ಹಂತ.

ದಿವಾನರ ಮೂತ್ರ ಹಿಡಿಯುವುದೆಂದರೆ ಕಾಲಜ್ಞಾನ ಬೇಕು. ಅವರು ಮರಳು ಕೆದಕಿ, ಸುತ್ತು ಹಾಕಿ, ಮತ್ತೆ ಕೆದಕಿ, ಬಾಲ ಎತ್ತಿ ದೂರದ ವಿಷಯವೊಂದನ್ನು ಚಿಂತಿಸುವವರಂತೆ ಕಣ್ಣು ಕಿರಿದು ಮಾಡಿದಾಗ ಹಿಂದಿನಿಂದ ಸೌಟು ನುಗ್ಗಿಸಬೇಕು. ಉದ್ದ ಹಿಡಿಯ ಸಾರಿನ ಸೌಟು. ಬೇಗ ಹೋದರೆ ಅವರು ಎದ್ದು ಹೋಗುತ್ತಾರೆ, ತಡವಾದರೆ ಮರಳು ಕುಡಿದುಬಿಡುತ್ತದೆ. ಸೌಟು ಈಗ ಪಾದರಕ್ಷೆಯ ಸ್ಟ್ಯಾಂಡಿಗೆ ಕಾಯಂ ವರ್ಗವಾಗಿದೆ. ನಮ್ಮ ಅದೃಷ್ಟ, ಕೀಟೋನ್ ಇರಲಿಲ್ಲ. ಕಲ್ಚರಿನಲ್ಲಿ ಬೆಳೆದದ್ದು ಇ. ಕೊಲೈ. "ಇನ್ಸುಲಿನ್ ಮಾಡಿಕೊಡೋ ಬ್ಯಾಕ್ಟೀರಿಯಾನೂ ಇದೇ ಜಾತಿ ಅಲ್ವೇನಮ್ಮಾ? ಕಾಯೋನೂ ಅವನೇ, ಕಾಡೋನೂ ಅವನೇ," ಎಂದು ಮಾವನವರು ಕೈ ಮುಗಿದರು.

"ಡಾಕ್ಟ್ರೇ, ಇದಕ್ಕೆ ಮಾತ್ರೆ ಇಲ್ವೇ?" ಎಂದೂ ಕೇಳಿದ್ದರು. ಬೆಕ್ಕಿನ ಶುಗರಿಗೆಂದೇ ಮೂತ್ರದಲ್ಲಿ ಸಕ್ಕರೆ ಹರಿಸಿಬಿಡುವ ಮಾತ್ರೆಗೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಆಗಲೇ ಇನ್ಸುಲಿನ್ ತೆಗೆದುಕೊಂಡ ಬೆಕ್ಕಿಗೆ ಅದನ್ನು ಕೊಡಕೂಡದು. ಸೋಂಕಿಗೆ ಆಂಟಿಬಯೋಟಿಕ್ ಶುರುವಾಯಿತು. ಸೋಂಕು ಇಳಿದಾಗ ಇನ್ಸುಲಿನ್ನಿನ ಅಗತ್ಯವೂ ಇಳಿಯುತ್ತದೆ, ಅದಕ್ಕೇ ಡೋಸ್ ಏರಿಸಲು ಅವಸರ ಮಾಡಲಿಲ್ಲ, ಈಗ ಸಕ್ಕರೆ ತೀರಾ ಕೆಳಗೆ ಬೀಳದಂತೆ ನೋಡಿಕೊಳ್ಳಿ ಎಂದರು ಡಾಕ್ಟ್ರಮ್ಮ. ತೂರಾಡಿದರೆ, ನಡುಗಿದರೆ ತಕ್ಷಣ ಒಸಡಿಗೆ ಜೇನುತುಪ್ಪ ಸವರಿ ಕರೆತರಬೇಕು. ಆ ಜೇನಿನ ಶೀಶೆಯನ್ನು ಕಂಡರೆ ಮಾವನವರಿಗೆ ಹೊಟ್ಟೆಯುರಿ. "ರುಚಿ ಗೊತ್ತಿಲ್ಲದವನಿಗೆ ಜೇನು. ಗೊತ್ತಿರೋನಿಗೆ ಹಾಗಲಕಾಯಿ."

ಅಂಕಿ ನಿಧಾನವಾಗಿ ಇಳಿಯಿತು. ಇಳಿದ ದಿನ ಮಾವನವರು ಊಟದ ಮೇಜಿನಲ್ಲಿ ಗಂಟಲು ಸರಿಮಾಡಿಕೊಂಡರು. ಅವರ ಶುಗರೂ ಆ ದಿನಗಳಲ್ಲಿ ಏರಿಕೊಂಡೇ ಇತ್ತು; ಮಗ ಅಲಮಾರಿಯ ಸಂದುಗಳಲ್ಲಿ ಸಿಹಿ ಹುಡುಕುತ್ತಿದ್ದ. "ಬೆಕ್ಕಿನ ಸಕ್ಕರೆ ಏರಿದ್ರೆ ಹಲ್ಲು ನೋಡ್ತೀರಿ, ಮೂತ್ರ ನೋಡ್ತೀರಿ, ಮೈಯೆಲ್ಲ ತಡವುತೀರಿ. ನನ್ನದು ಏರಿದ್ರೆ ಜೇಬು ತಡವುತೀರಿ. ಎಡಗಡೆ ದವಡೆ ಒಂದು ತಿಂಗಳಿಂದ ಜುಂ ಅಂತಿದೆ, ಯಾರಾದ್ರೂ ಕೇಳಿದ್ರಾ?" ಯಜಮಾನರು ಸಾರಿನಲ್ಲಿ ಬೇಳೆ ಹುಡುಕತೊಡಗಿದರು.

ಮರುದಿನ ದಂತವೈದ್ಯರು ದವಡೆ ಹಲ್ಲಿನ ಬೇರಿನಲ್ಲಿ ಕೀವು ಕಂಡರು. ಅದನ್ನು ತೆಗೆಸಿದ ಮೇಲೆ ಶುಗರ್ ಇಳಿಯಿತು, ಆದರೆ ದಿವಾನರದು ಇಳಿದಷ್ಟಲ್ಲ. ಉಳಿದದ್ದರ ಕಾರಣ ರಾಮನವಮಿಯ ಹೊತ್ತಿಗೆ ದೇವರ ಮನೆ ಒರೆಸುವಾಗ ಗಂಧದ ಡಬ್ಬಿಯಲ್ಲಿ ಸಿಕ್ಕಿತು, ಅರ್ಧ ಮೈಸೂರು ಪಾಕು.

ಈಗ ಇಬ್ಬರ ಲೆಕ್ಕವೂ ಒಂದೇ ಪುಸ್ತಕದಲ್ಲಿದೆ, ಮಾವನವರೇ ಗೆರೆ ಹಾಕಿ ಕೊಟ್ಟಿದ್ದಾರೆ. ಒಳ್ಳೆಯ ಹಿಡಿತ ಸಿಕ್ಕರೆ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುವುದೂ ಉಂಟಂತೆ; ನಮ್ಮವರು ಇನ್ನೂ ಅಲ್ಲಿಗೆ ಮುಟ್ಟಿಲ್ಲ. ಮೊನ್ನೆ ನಾದಿನಿ ಫೋನ್ ಮಾಡಿ, "ಅತ್ತಿಗೆ, ಶುಗರ್ ಎಷ್ಟಿದೆ?" ಎಂದಳು. ಕೈಯಲ್ಲಿದ್ದ ಪುಸ್ತಕ ನೋಡಿ 168 ಎಂದೆ. ಅವಳಿಗೆ ಖುಷಿಯೋ ಖುಷಿ, "ಅಪ್ಪನಿಗೆ ಕೊಡಿ ಫೋನು," ಎಂದಳು. ಅದು ದಿವಾನರದು ಎನ್ನುವಷ್ಟರಲ್ಲಿ ಮಾವನವರು ಫೋನ್ ಕಸಿದುಕೊಂಡು, "ಎಲ್ಲಾ ಪಥ್ಯದ ಮಹಿಮೆ ಕಣಮ್ಮಾ," ಎಂದು ಮಗಳ ಅಭಿನಂದನೆ ಸ್ವೀಕರಿಸುತ್ತ ವರಾಂಡದ ಕಡೆ ನಡೆದರು.